ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ 1914–18ರ ಪದಕ: ಕೊಳ್ಳಬಹುದೇ?

ಓದುಮನೆ, ಲಿಂಗಸುಗೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸೈನ್ಯಕ್ಕೆ ಹೋದವರ ನೆನಪಿಗೆಂದು ನಮ್ಮ ಊರಿನ ವಾಚನಾಲಯದಲ್ಲಿ ಒಂದು ಗಾಜಿನ ಕಪಾಟು ಮಾಡಿಸಿದ್ದೇವೆ. ನಾಲ್ಕು ಮನೆಗಳವರು ಫೋಟೋ ಕೊಟ್ಟಿದ್ದಾರೆ, ಇಬ್ಬರು ಬಿಡುಗಡೆ ಪತ್ರದ ನಕಲು ಕೊಟ್ಟಿದ್ದಾರೆ. ಇದು ತಿಳಿದು ಹಳೆಯ ಸಾಮಾನು ಮಾರುವ ಒಬ್ಬರು ರಾಯಚೂರಿನಿಂದ ಒಂದು ಪೆಟ್ಟಿಗೆ ತಂದು ತೋರಿಸಿದರು.

ಒಂದು ಗೇಣು ಉದ್ದದ ಪೆಟ್ಟಿಗೆ. ಹೊರಗೆ ಕಪ್ಪು ರೆಕ್ಸಿನ್‌ನಂಥ ಹೊದಿಕೆ, ಮುಚ್ಚಳದ ಮೇಲೆ ಬಂಗಾರದ ಬಣ್ಣದ ಕಿರೀಟ. ತೆರೆದರೆ ಮೇಲೆ ಬಿಳಿ ರೇಷ್ಮೆ, ಕೆಳಗೆ ನೀಲಿ ಮಖಮಲ್ಲು, ಅದರ ಗುಳಿಯಲ್ಲಿ ಬೆಳ್ಳಿಯ ಪದಕ. ಒಂದು ಮುಖದಲ್ಲಿ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದರಲ್ಲಿ ಕುದುರೆಯ ಮೇಲೆ ಕುಳಿತ ಬೆತ್ತಲೆ ಮನುಷ್ಯ, 1914 ಮತ್ತು 1918 ಎಂಬ ವರ್ಷಗಳು. ಪದಕದ ಕೆಳಗೆ ಚಿಕ್ಕ ಹಿತ್ತಾಳೆ ತಗಡು, ಅದರಲ್ಲಿ ಇಂಗ್ಲಿಷಿನಲ್ಲಿ ‘ಶೌರ್ಯಕ್ಕಾಗಿ ಪ್ರದಾನ’ ಎಂಬ ಅರ್ಥದ ಮಾತು. ಅವರು 22 ಸಾವಿರ ರೂಪಾಯಿ ಹೇಳುತ್ತಿದ್ದಾರೆ. ಪದಕ ಅಲ್ಲಲ್ಲಿ ಸಿಗುತ್ತದೆ, ಪೆಟ್ಟಿಗೆಯೇ ಅಪರೂಪ, ದೊರೆಯ ಕೈಯಿಂದ ಬಂದದ್ದು ಎನ್ನುವುದು ಅವರ ಮಾತು.

ಊರವರು ನೂರು, ಇನ್ನೂರು ಎಂದು ಕೂಡಿಸಿದ ದುಡ್ಡು ನಮ್ಮಲ್ಲಿದೆ. ಅದನ್ನು ತಪ್ಪು ವಸ್ತುವಿಗೆ ಸುರಿಯಲು ಮನಸ್ಸಿಲ್ಲ. ಅವರು ಭಾನುವಾರ ಮತ್ತೆ ಬರುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಹಳೆಯ ನಾಣ್ಯ, ಸಿಂಧನೂರು

ಓದುಮನೆಯವರೇ, ಮೊದಲು ಪದಕದ ಗುರುತು ಹೇಳುತ್ತೇನೆ. ನೀವು ವರ್ಣಿಸಿದ್ದು ಬ್ರಿಟಿಷ್ ವಾರ್ ಮೆಡಲ್. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಲಕ್ಷಾಂತರ ಜನರಿಗೆ ಕೊಟ್ಟದ್ದು. ಅದು ಸೇವೆಯ ಪದಕ. ಶೌರ್ಯಕ್ಕೆ ಬೇರೆಯೇ ಪದಕಗಳಿದ್ದವು: 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಆರಂಭಿಸಿದ ಇಂಡಿಯನ್ ಆರ್ಡರ್ ಆಫ್ ಮೆರಿಟ್, 1907ರ ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್, 1914ರ ಡಿಸೆಂಬರಿನಲ್ಲಿ ಬಂದ ಮಿಲಿಟರಿ ಕ್ರಾಸ್. 1911ರಿಂದ ಭಾರತೀಯ ಸೈನಿಕರಿಗೂ ವಿಕ್ಟೋರಿಯಾ ಕ್ರಾಸ್ ಸಿಗುವಂತಾಯಿತು. ಆದ್ದರಿಂದ ‘ಶೌರ್ಯಕ್ಕಾಗಿ’ ಎಂಬ ಆ ತಗಡು ಈ ಪದಕದ ಜೊತೆ ಹುಟ್ಟಿದ್ದಲ್ಲ. ಯಾರೋ ಆಮೇಲೆ ಕೂರಿಸಿದ್ದಾರೆ.

ಇನ್ನು ಪೆಟ್ಟಿಗೆ. ಬ್ರಿಟಿಷ್ ಸರ್ಕಾರ ಈ ಪದಕವನ್ನು ಮಖಮಲ್ಲಿನಲ್ಲಿಟ್ಟು ಕೊಡಲಿಲ್ಲ. ಚಿಕ್ಕ ರಟ್ಟಿನ ಡಬ್ಬಿಯಲ್ಲಿ ಪದಕ, ಜೊತೆಗೆ ಬೇರೆ ಮಡಿಸಿದ ರಿಬ್ಬನ್, ಅಷ್ಟೇ. ಎರಡನೇ ಮಹಾಯುದ್ಧದ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್ ಕೂಡ ಹೀಗೆಯೇ ರಟ್ಟಿನ ಡಬ್ಬಿಯಲ್ಲಿ ಬಂದವು. ಒಳಗೆ ರೇಷ್ಮೆ ಹಾಸಿದ ಪೆಟ್ಟಿಗೆ ಸಿಗುತ್ತಿದ್ದದ್ದು ಮಿಲಿಟರಿ ಕ್ರಾಸ್, ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್ (ಡಿ.ಎಸ್.ಓ.) ತರಹದ ಮೇಲಿನ ಗೌರವಗಳಿಗೆ. ಮಿಲಿಟರಿ ಕ್ರಾಸ್ ಕೂಡ ಅಧಿಕಾರಿಗಳಿಗೆ, ವಾರಂಟ್ ಅಧಿಕಾರಿಗಳಿಗೆ ಮತ್ತು ನಮ್ಮವರಲ್ಲಿ ಸುಬೇದಾರ್, ಜಮಾದಾರ್ ದರ್ಜೆಯವರಿಗೆ ಮೀಸಲು. ಸಿಪಾಯಿಯ ಹೆಸರಿನಲ್ಲಿ ಮಿಲಿಟರಿ ಕ್ರಾಸಿನ ಪೆಟ್ಟಿಗೆ ತಂದರೆ ಅಲ್ಲೇ ಕೈಮುಗಿದು ಕಳಿಸಿ.

ಅಮೆರಿಕದ ರೀತಿ ಬೇರೆ. ಅಲ್ಲಿ ಎರಡನೇ ಮಹಾಯುದ್ಧದಲ್ಲಿ ಪರ್ಪಲ್ ಹಾರ್ಟ್ ಪದಕವನ್ನು ಉದ್ದನೆಯ ಪೆಟ್ಟಿಗೆಯಲ್ಲೇ ಕೊಟ್ಟರು, ಮುಚ್ಚಳದ ಮೇಲೆ ಬಂಗಾರದ ಅಕ್ಷರದಲ್ಲಿ ಪದಕದ ಹೆಸರು ಇರುತ್ತಿತ್ತು. ಅಲ್ಲಿ ಪೆಟ್ಟಿಗೆಯನ್ನು ಪರೀಕ್ಷಿಸುವುದು ಒಂದು ದೊಡ್ಡ ವಿದ್ಯೆ. ಗುಳಿಯ ಆಕಾರ ಪದಕಕ್ಕೆ ಹೊಂದಬೇಕು, ಮೇಲಿನ ಸೀಳು ಪದಕದ ಪಿನ್ನಿಗೆ ಹೊಂದಬೇಕು, ಹೊರಗಿನ ರಟ್ಟಿನ ಕವಚ ಕೂಡ ಅದೇ ಕಾಲದ್ದಾಗಿರಬೇಕು. ಅಲ್ಲಿನ ಬರಹಗಳನ್ನು ಓದಿದ ಇಲ್ಲಿನ ಮಾರಾಟಗಾರರು ನಮ್ಮ ರಟ್ಟಿನ ಡಬ್ಬಿಯ ಪದಕಗಳಿಗೂ ಪೆಟ್ಟಿಗೆ ತೊಡಿಸುತ್ತಿದ್ದಾರೆ. ಕಳೆದ ಕೆಲವು ವರ್ಷಗಳಲ್ಲಿ ನಾನೇ ಇಂಥ ಮೂರು ನೋಡಿದ್ದೇನೆ.

ಪೆಟ್ಟಿಗೆಯ ಮಾತು ಅಲ್ಲಿರಲಿ, ಪದಕದ ಅಂಚು ಓದಿದಿರಾ? ಸಿಪಾಯಿಯದಾದರೆ ಅಲ್ಲಿ ಸಂಖ್ಯೆ, ದರ್ಜೆ, ಹೆಸರು, ಪಡೆ ಇರಲೇಬೇಕು.

ಓದುಮನೆ, ಲಿಂಗಸುಗೂರು ತಾಲ್ಲೂಕು

ಅಂಚಿನಲ್ಲಿ ಅಕ್ಷರಗಳಿದ್ದವು ಸರ್, ಆದರೆ ಪದಕವನ್ನು ಗುಳಿಯಿಂದ ಎತ್ತಲು ಅವರು ಬಿಡಲಿಲ್ಲ. ಎತ್ತಿದರೆ ಮಖಮಲ್ಲು ಕೆಡುತ್ತದೆ ಎಂದರು.

ಹಳೆಯ ನಾಣ್ಯ, ಸಿಂಧನೂರು

ಎತ್ತಲು ಬಿಡದಿದ್ದರೆ ಕೊಳ್ಳಬೇಡಿ. ಬಿಟ್ಟರೆ ಹೀಗೆ ನೋಡಿ. ಅಂಚಿನ ಅಕ್ಷರ ಅಚ್ಚಿನಿಂದ ಒತ್ತಿದ್ದಿರಬೇಕು. ಭೂತಗನ್ನಡಿಯಲ್ಲಿ ಒತ್ತಿದ ಅಕ್ಷರದ ತಳ ಸಮವಾಗಿ ಕಾಣುತ್ತದೆ, ಉಳಿಯಿಂದ ಕೆತ್ತಿದ್ದಾದರೆ ಗೆರೆಯ ಬದಿಯಲ್ಲಿ ಚಿಕ್ಕ ಮಿನುಗು ಇರುತ್ತದೆ. ಹಳೆಯ ಹೆಸರನ್ನು ಅರದಿಂದ ಉಜ್ಜಿ ಹೊಸ ಹೆಸರು ಹಾಕುವವರೂ ಇದ್ದಾರೆ. ಹಾಗೆ ಉಜ್ಜಿದರೆ ಅಂಚು ತೆಳ್ಳಗಾಗುತ್ತದೆ, ಸುತ್ತಳತೆ ಕುಗ್ಗುತ್ತದೆ. ಈ ಪದಕದ ಅಡ್ಡಳತೆ 36 ಮಿಲಿಮೀಟರ್. ಯಾವ ಪತ್ತಾರರ ಅಂಗಡಿಯಲ್ಲೂ ಅಳೆಯುವ ಕ್ಯಾಲಿಪರ್ ಇರುತ್ತದೆ. ನಾಲ್ಕು ಕಡೆ ತಿರುಗಿಸಿ ಅಳೆಯಿರಿ, ಒಂದು ಕಡೆಯಾದರೂ ಅರ್ಧ ಮಿಲಿಮೀಟರ್ ಕಡಿಮೆ ಬಂದರೆ ಅನುಮಾನಿಸಿ. ಮೇಲಿನ ನೇರ ಕೊಂಡಿ ಪದಕಕ್ಕೆ ಗಟ್ಟಿಯಾಗಿ ಕೂತಿರಬೇಕು, ತಿರುಗಬಾರದು.

ಮಾಜಿ ಹವಾಲ್ದಾರ್, ಕಂಪ್ಲಿ

ನಾನು 1971ರಲ್ಲಿ ಪೂರ್ವದ ಗಡಿಯಲ್ಲಿದ್ದವನು. ಪೂರ್ವಿ ಸ್ಟಾರ್ ಮತ್ತು ಸಂಗ್ರಾಮ ಪದಕ ಎರಡೂ ನನ್ನಲ್ಲಿವೆ. ಅವು ಯಾವ ಮಖಮಲ್ಲಿನಲ್ಲೂ ಬರಲಿಲ್ಲ. ಪಡೆಯ ಕಚೇರಿಯ ಗುಮಾಸ್ತರು ಚಿಕ್ಕ ಪೊಟ್ಟಣದಲ್ಲಿ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡರು. ಹೆಸರು, ಸಂಖ್ಯೆ ಪದಕದ ಮೇಲೆಯೇ ಇವೆ.

ಒಂದು ವಿಷಯ ಮಾತ್ರ ಗಮನದಲ್ಲಿಡಿ. ಹೆಸರಿಲ್ಲದ ಪದಕ ಕಂಡ ಕೂಡಲೇ ಮೋಸ ಎನ್ನಬೇಡಿ. ನಾನು ಗಣರಾಜ್ಯೋತ್ಸವದ ದಿನ ಎದೆಗೆ ಹಾಕುವುದು ದರ್ಜಿಯ ಅಂಗಡಿಯಲ್ಲಿ ಕೊಂಡ ನಕಲು. ಮೂಲ ಪದಕ ಬಸ್ಸಿನ ನೂಕುನುಗ್ಗಲಿನಲ್ಲಿ ಬಿದ್ದುಹೋದರೆ ಮತ್ತೆ ಸಿಗುವುದಿಲ್ಲ. ನನ್ನಂಥ ನೂರಾರು ಮಾಜಿ ಸೈನಿಕರು ಹೀಗೇ ಮಾಡುತ್ತಾರೆ. ನಾಳೆ ನನ್ನ ಮೊಮ್ಮಗನ ಕೈಯಲ್ಲಿ ಆ ನಕಲು ಕಂಡು ಯಾರಾದರೂ ‘ನಿಮ್ಮ ತಾತ ಸುಳ್ಳ’ ಎಂದರೆ ನನಗೆ ಸಹಿಸಲಾಗದು. ನಕಲನ್ನು ಅಸಲಿ ಎಂದು ಮಾರಿದಾಗಲೇ ಅದು ಮೋಸ.

ಪರಮವೀರ ಚಕ್ರ ಮಾರಾಟಕ್ಕಿದೆ ಎಂದು ಮೊಬೈಲಿನಲ್ಲಿ ಚಿತ್ರ ಕಳಿಸುವವರಿಗೂ ಒಂದು ಮಾತು. ಅದು 1950ರ ಜನವರಿ 26ರಂದು ಸ್ಥಾಪನೆಯಾಗಿ 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಯಿತು. ಈವರೆಗೆ ಪಡೆದವರು 21 ಜನ, ಪ್ರತಿಯೊಬ್ಬರ ಹೆಸರೂ ದೇಶಕ್ಕೆ ಗೊತ್ತು. ‘1948’ ಎಂದು ಮುಚ್ಚಳದ ಮೇಲೆ ಅಚ್ಚು ಹಾಕಿದ ಚಕ್ರದ ಪೆಟ್ಟಿಗೆಯ ಚಿತ್ರ ಮೊನ್ನೆ ನನಗೂ ಬಂದಿತ್ತು. ಆ ವರ್ಷ ಪದಕವೇ ಹುಟ್ಟಿರಲಿಲ್ಲ.

ಜೀನ್ಸ್ ಹೊಲಿಗೆ, ಬಳ್ಳಾರಿ

ಪದಕದ ವಿದ್ಯೆ ನನಗಿಲ್ಲ. ದಾರದ ವಿದ್ಯೆ ಇದೆ, ಇಪ್ಪತ್ತಾರು ವರ್ಷದಿಂದ ಜೀನ್ಸ್ ಹೊಲಿಯುವ ಘಟಕದಲ್ಲಿದ್ದೇನೆ. ಪೆಟ್ಟಿಗೆಯ ಒಳಹಾಸಿನ ಅಂಚಿನಲ್ಲಿ ಹೊಲಿಗೆ ಇದ್ದರೆ ನನ್ನ ಮಾತು ಕೇಳಿ.

ಪಾಲಿಯೆಸ್ಟರ್ ಎಂಬುದು 1941ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು, ಬಟ್ಟೆಗೆ, ದಾರಕ್ಕೆ ಬಂದದ್ದು ಯುದ್ಧ ಮುಗಿದ ಮೇಲೆ. 1920ರ ಸುಮಾರಿನ ಪೆಟ್ಟಿಗೆಯ ಹೊಲಿಗೆಯಲ್ಲಿ ಅದು ಇರಲು ಸಾಧ್ಯವಿಲ್ಲ. ತಾನಾಗಿ ಬಿಚ್ಚಿಕೊಂಡ ದಾರದ ಒಂದು ಎಳೆ ಸಿಕ್ಕರೆ ಸಾಕು, ಉಗುರಿನಷ್ಟು ಉದ್ದ. ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯಿಂದ ದೂರದಲ್ಲಿ ಕಡ್ಡಿ ಗೀರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಊದಿದರೆ ಹಾರುವ ಬೂದಿಯಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಪುಡಿಯಾಗುವ ಕರಿ. ಪಾಲಿಯೆಸ್ಟರ್ ಆದರೆ ಮುದುಡಿಕೊಂಡು ತುದಿಯಲ್ಲಿ ಸಾಸಿವೆ ಕಾಳಿನಂಥ ಗಟ್ಟಿ ಮಣಿ ಉಳಿಯುತ್ತದೆ. ಉಗುರಿನಿಂದ ಒತ್ತಿದರೂ ಆ ಮಣಿ ಒಡೆಯುವುದಿಲ್ಲ. ಹೊಲಿಗೆಯನ್ನು ಕಿತ್ತು ಮಾತ್ರ ಪರೀಕ್ಷಿಸಬೇಡಿ, ವಸ್ತು ಇನ್ನೂ ಅವರದು.

ಮಖಮಲ್ಲಿನ ಬೆನ್ನನ್ನೂ ನೋಡಿ. ಮೂಲೆ ಸ್ವಲ್ಪ ಎದ್ದಿದ್ದರೆ ಕೆಳಗಿನ ಬಟ್ಟೆ ನೇಯ್ದದ್ದೋ ಹೆಣೆದದ್ದೋ ಗೊತ್ತಾಗುತ್ತದೆ. ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಅದು ಈಗಿನ ಆಟಿಕೆ ಗೊಂಬೆಗಳ ಬಟ್ಟೆ.

ಗಂಜ್ ರಸ್ತೆ, ರಾಯಚೂರು

ಓದುಮನೆಯ ಅಣ್ಣನವರೇ, ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ನನ್ನಲ್ಲಿದೆ, ಶನಿವಾರ ಬಂದು ಒಯ್ಯಿರಿ. ಕತ್ತಲೆ ಮಾಡಿ ಪೆಟ್ಟಿಗೆಯ ಮೇಲೆ ಹಿಡಿದರೆ, ಈಗಿನ ಬಿಳಿ ಬಟ್ಟೆ, ಬಿಳಿ ದಾರ, ಬಿಳಿ ಕಾಗದ ಎಲ್ಲ ನೀಲಿಯಾಗಿ ಉರಿಯುತ್ತವೆ. ಬಿಳುಪು ಹೆಚ್ಚಿಸುವ ಆ ರಾಸಾಯನಿಕ ಎರಡನೇ ಮಹಾಯುದ್ಧದ ನಂತರವೇ ಬಳಕೆಗೆ ವ್ಯಾಪಿಸಿದ್ದು. ಹಳೆಯ ರೇಷ್ಮೆ, ಹಳೆಯ ಕಾಗದ ಮಂಕಾಗಿ ಕಾಣುತ್ತವೆ.

ಹಳೆಯ ನಾಣ್ಯ, ಸಿಂಧನೂರು

ಸರಿಯಾದ ಸಲಹೆ. ಆದರೂ ಅದೊಂದನ್ನೇ ನಂಬಬೇಡಿ. ಹಳೆಯ ರಿಬ್ಬನ್ನನ್ನು ಯಾರಾದರೂ ಈಗಿನ ಸಾಬೂನು ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ಹೊಳೆಯದೇ ಇದ್ದರೂ ಹಳೆಯದು ಎಂದು ಹೇಳಲಾಗದು, ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಮಂಕು ಮಾಡಿದ ಬಟ್ಟೆ ನಾನು ನೋಡಿದ್ದೇನೆ.

ಕಿನ್ನಾಳದ ಬಣ್ಣ, ಕೊಪ್ಪಳ

ಗೊಂಬೆ, ತೊಟ್ಟಿಲು, ಪಲ್ಲಕ್ಕಿಗೆ ಬಣ್ಣ ಹಚ್ಚುವ ಮನೆತನ ನಮ್ಮದು. ಹಳೆಯ ಮರದ ಸಾಮಾನು ದುರಸ್ತಿಗೂ ಬರುತ್ತದೆ. ಪೆಟ್ಟಿಗೆಯ ಮರ ಮತ್ತು ಅಂಟಿನ ಬಗ್ಗೆ ಹೇಳುತ್ತೇನೆ.

ಹಳೆಯ ಪೆಟ್ಟಿಗೆಗಳ ಮೂಲೆಗೆ ಮರವಜ್ರ ಹಾಕುತ್ತಿದ್ದರು, ಚರ್ಮ ಮೂಳೆ ಬೇಯಿಸಿ ತೆಗೆದ ಅಂಟು. ಅದು ಮುಪ್ಪಾದಾಗ ಕಂದು ಗಾಜಿನಂತೆ ಸೀಳುತ್ತದೆ, ಒದ್ದೆ ಬೆರಳು ಇಟ್ಟರೆ ನಿಧಾನವಾಗಿ ಜಿಗುಟಾಗುತ್ತದೆ. ಈಗಿನ ಬಿಳಿ ಅಂಟು ಒಣಗಿದ ಮೇಲೆ ಪ್ಲಾಸ್ಟಿಕ್ಕಿನಂತೆ ಬಾಗುತ್ತದೆ. ಫೆವಿಕಾಲ್ ಬಂದದ್ದೇ 1959ರಲ್ಲಿ. ಬಂದೂಕಿನಂಥ ಯಂತ್ರದಿಂದ ಬಿಸಿ ಮಾಡಿ ಸುರಿಯುವ ಅಂಟಾದರೆ ಕೂದಲಿನಂಥ ಎಳೆಗಳು ಮೂಲೆಯಲ್ಲಿ ಉಳಿದಿರುತ್ತವೆ.

ತಿರುಗಣಿಯ ಸ್ಕ್ರೂ ನೋಡಿ. ತಲೆಯ ಮೇಲೆ ಒಂದೇ ಗೀಟು ಇರಬೇಕು. ಕೂಡಿಸುವ ಚಿಹ್ನೆಯಂಥ ಗೀಟಿನ ಫಿಲಿಪ್ಸ್ ಸ್ಕ್ರೂ 1930ರ ದಶಕದಲ್ಲಿ ಅಮೆರಿಕದಲ್ಲಿ ಬಂದದ್ದು. ಮೊದಲ ಯುದ್ಧದ ಪೆಟ್ಟಿಗೆಯಲ್ಲಿ ಅದಕ್ಕೆ ಕೆಲಸವಿಲ್ಲ. ಮಖಮಲ್ಲನ್ನು ಬೆರಳಿನಿಂದ ಒತ್ತಿ ಬಿಡಿ. ಕೆಳಗೆ ಸ್ಪಂಜು ಇದ್ದರೆ ಥಟ್ಟನೆ ಮೇಲೇಳುತ್ತದೆ. ಹಳೆಯದರಲ್ಲಿ ರಟ್ಟು, ಮರ, ಹತ್ತಿ ಇರುತ್ತದೆ, ಒತ್ತಿದ್ದು ಒತ್ತಿದಂತೆಯೇ ಉಳಿಯುತ್ತದೆ.

ನಾನು ಎಲ್ಲಕ್ಕಿಂತ ಮೊದಲು ನೋಡುವುದು ಗುಳಿಯ ನೆರಳು. ಬೆಳ್ಳಿಯ ವಸ್ತು ಒಂದೇ ಜಾಗದಲ್ಲಿ ಐವತ್ತು ವರ್ಷ ಮಲಗಿದ್ದರೆ ಬಟ್ಟೆಯ ಮೇಲೆ ಅದರದೇ ಗುರುತು ಬಿಟ್ಟಿರುತ್ತದೆ. ಪದಕ ಮುಚ್ಚಿದ ಜಾಗದ ಬಣ್ಣ ಗಾಢ, ಸುತ್ತ ಮಾಸಿರುತ್ತದೆ, ಅಂಚು ತಾಗಿದಲ್ಲಿ ತೆಳುವಾದ ಕಪ್ಪು ಗೆರೆ. ಪದಕ ಎತ್ತಿದಾಗ ಗುಳಿಯ ತಳ, ಸುತ್ತಲಿನ ಬಟ್ಟೆ ಎರಡೂ ಒಂದೇ ಬಣ್ಣವಾಗಿದ್ದರೆ, ಆ ಪದಕ ಆ ಪೆಟ್ಟಿಗೆಯಲ್ಲಿ ಬಾಳಿಲ್ಲ.

ನಿವೃತ್ತ ಮೇಷ್ಟ್ರು, ಸಿರುಗುಪ್ಪ

ಎಲ್ಲರ ಮಾತೂ ಸರಿ, ಆದರೆ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಸರ್ಕಾರ ಪೆಟ್ಟಿಗೆ ಕೊಡಲಿಲ್ಲ ಎಂದ ಮಾತ್ರಕ್ಕೆ ಪೆಟ್ಟಿಗೆ ಸುಳ್ಳಾಗುವುದಿಲ್ಲ. ಮಗ ಊರಿಗೆ ಮರಳಿದ ಸಂತೋಷಕ್ಕೆ ತಂದೆಯೇ ಬಳ್ಳಾರಿ ದಂಡಿನ ಪೇಟೆಯಲ್ಲಿ ಪೆಟ್ಟಿಗೆ ಮಾಡಿಸಿರಬಹುದು. ಅದು ನೂರು ವರ್ಷದ ಹಿಂದಿನದಾದರೆ ಅದಕ್ಕೂ ಒಂದು ಕಥೆ ಇರುತ್ತದೆ. ಸರ್ಕಾರಿ ಪೆಟ್ಟಿಗೆ ಎಂಬ ಮಾತನ್ನು ತಿರಸ್ಕರಿಸಿ, ವಸ್ತುವನ್ನು ಪರೀಕ್ಷಿಸಿಯೇ ತೀರ್ಮಾನಿಸಿ.

ಇನ್ನೊಂದು. ಆಗ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು, ಕೊಪ್ಪಳ ನಿಜಾಮರ ಸೀಮೆಯಲ್ಲಿದ್ದವು. ಆದ್ದರಿಂದ ನಮ್ಮವರ ಪದಕದ ಅಂಚಿನಲ್ಲಿ ಮದ್ರಾಸಿನ ಪಡೆಗಳ ಹೆಸರು ಬರಬಹುದು, ಹೈದರಾಬಾದ್ ಲ್ಯಾನ್ಸರ್ಸ್ ಕೂಡ ಬರಬಹುದು. ಆ ಅಶ್ವದಳ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಹೋಗಿತ್ತು. ‘ಕ್ಯೂ.ವಿ.ಓ. ಎಸ್. ಆಂಡ್ ಎಂ.’ ಎಂದು ಕಂಡರೆ ಅದು ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಆಂಡ್ ಮೈನರ್ಸ್, ಬೆಂಗಳೂರಿನಲ್ಲಿ ನೆಲೆಯಿರುವ ನಮ್ಮ ಮದ್ರಾಸ್ ಸ್ಯಾಪರ್ಸ್, ಸೇತುವೆ, ರಸ್ತೆ ಕಟ್ಟುವ ಸೇನೆಯ ಎಂಜಿನಿಯರ್ ಪಡೆ.

ಓದುಮನೆ, ಲಿಂಗಸುಗೂರು ತಾಲ್ಲೂಕು

ಭಾನುವಾರ ನಡೆದದ್ದನ್ನು ಬರೆಯುತ್ತೇನೆ. ತಡವಾದದ್ದಕ್ಕೆ ಕ್ಷಮಿಸಿ, ಸಮಿತಿಯವರೊಂದಿಗೆ ಮಾತಾಡಿಯೇ ಬರೆಯಬೇಕಿತ್ತು.

ವಾಚನಾಲಯದ ಕಿಟಕಿ ಮುಚ್ಚಿ ಟಾರ್ಚ್ ಹಿಡಿದೆವು. ಮುಚ್ಚಳದ ಬಿಳಿ ರೇಷ್ಮೆ ನೀಲಿ ಬೆಳಕಾಗಿ ಎದ್ದು ಕಂಡಿತು, ಸುತ್ತಲಿನ ಹೊಲಿಗೆ ಅದಕ್ಕಿಂತ ಹೆಚ್ಚು. ಮಖಮಲ್ಲು ಒತ್ತಿದರೆ ಥಟ್ಟನೆ ಮೇಲೆದ್ದಿತು. ತಿರುಗಣಿಯ ನಾಲ್ಕು ಸ್ಕ್ರೂಗಳಲ್ಲಿ ಎರಡಕ್ಕೆ ಒಂದೇ ಗೀಟು, ಇನ್ನೆರಡಕ್ಕೆ ಕೂಡಿಸುವ ಚಿಹ್ನೆ. ನಾನು ಏನೂ ಹೇಳದೆ ಟಾರ್ಚನ್ನು ಅವರ ಕೈಗೇ ಕೊಟ್ಟೆ. ಅವರೂ ನೋಡಿದರು. ಆಮೇಲೆ ಪದಕ ಎತ್ತಲು ಬಿಟ್ಟರು. ಗುಳಿಯ ತಳದಲ್ಲಿ ಯಾವ ನೆರಳೂ ಇರಲಿಲ್ಲ.

ಆದರೆ ಪದಕ ಅಸಲಿ. ನಾಲ್ಕು ಕಡೆಯೂ 36 ಮಿಲಿಮೀಟರ್ ಬಂತು. ಅಕ್ಷರಗಳು ಒತ್ತಿದವು, ಕೊಂಡಿ ತಿರುಗುವುದಿಲ್ಲ. ಮೇಷ್ಟ್ರೇ, ನೀವು ಹೇಳಿದ ಅದೇ ಅಕ್ಷರಗಳು ಅಲ್ಲಿವೆ, ಕ್ಯೂ.ವಿ.ಓ. ಎಸ್. ಆಂಡ್ ಎಂ. ಒಬ್ಬ ಸ್ಯಾಪರಿನ ಸಂಖ್ಯೆ ಮತ್ತು ಹೆಸರು ಸ್ಪಷ್ಟವಾಗಿವೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರ ಮನೆಯವರು ಎಲ್ಲೋ ಇರಬಹುದು.

ಮಾರುವವರು ಒಪ್ಪಿಕೊಂಡರು. ಪೆಟ್ಟಿಗೆ ಸಮೇತವೇ ತಾವು ಬೇರೆಯವರಿಂದ ಕೊಂಡದ್ದು, ತಮಗೂ ತಿಳಿದಿರಲಿಲ್ಲ ಎಂದರು. ಅವರ ಮುಖ ನೋಡಿದರೆ ಆ ಮಾತು ನಿಜ ಅನ್ನಿಸಿತು. ಪೆಟ್ಟಿಗೆ ಬಿಟ್ಟು ಪದಕವನ್ನಷ್ಟೇ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಈಗ ನಮ್ಮ ಸಮಿತಿಯಲ್ಲಿ ಬೇರೆಯೇ ಪ್ರಶ್ನೆ ಎದ್ದಿದೆ. ಈ ಸ್ಯಾಪರ್ ನಮ್ಮ ಊರಿನವರಲ್ಲ. ಅವರ ಪದಕ ನಮ್ಮ ಕಪಾಟಿನಲ್ಲಿ ಇರಬೇಕೇ?

ಮಾಜಿ ಹವಾಲ್ದಾರ್, ಕಂಪ್ಲಿ

ಇರಲಿ. ಕೊಂಡು ಇಟ್ಟುಕೊಳ್ಳಿ. ಪಕ್ಕದ ಚೀಟಿಯಲ್ಲಿ ಇದು ನಮ್ಮ ಊರಿನವರದಲ್ಲ, ಮನೆಯವರು ಬಂದರೆ ಕೊಡುತ್ತೇವೆ ಎಂದು ಬರೆಯಿರಿ. ಅಂಚಿನ ಸಂಖ್ಯೆ, ಹೆಸರು, ಪಡೆಯನ್ನು ಬರೆದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಬೆಂಗಳೂರಿನ ಸ್ಯಾಪರ್ಸ್ ಕೇಂದ್ರಕ್ಕೂ ಒಂದೊಂದು ಕಾಗದ ಹಾಕಿ. ಯುದ್ಧದಲ್ಲೇ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು ಇರಬಹುದು, ಅದನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ಫ್ರಾನ್ಸಿನ ನವ್ ಶಪೆಲ್ ಸ್ಮಾರಕವೊಂದರಲ್ಲೇ 4,700ಕ್ಕೂ ಹೆಚ್ಚು ಭಾರತೀಯರ ಹೆಸರಿದೆ.

ಹೊಸ ಸದಸ್ಯ, ಮಾನ್ವಿ

ವಿದೇಶದ ಹರಾಜಿನಲ್ಲಿ ಇದಕ್ಕೆ ಒಳ್ಳೆಯ ಬೆಲೆ ಬರುತ್ತದಂತೆ. ಮಾರಿ ಆ ದುಡ್ಡಿನಲ್ಲಿ ಪುಸ್ತಕ ಕೊಳ್ಳಬಹುದಲ್ಲವೇ?

ಹಳೆಯ ನಾಣ್ಯ, ಸಿಂಧನೂರು

ಬೇಡ ತಮ್ಮಾ. 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ನೂರು ವರ್ಷ ದಾಟಿದ ಚಾರಿತ್ರಿಕ ಮಹತ್ವದ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಬೇಡ ಎಂದೇ ಹೇಳುತ್ತಿದ್ದೆ.

ಕುಕನೂರಿನ ಮಗಳು

ಇಷ್ಟು ದಿನ ಓದುತ್ತಿದ್ದೆ, ಬರೆಯಲು ಸಂಕೋಚವಿತ್ತು. ನಮ್ಮ ಮನೆಯಲ್ಲೂ ಇಂಥದೊಂದು ಇದೆ, ಆದರೆ ಅದು ಬೆಳ್ಳಿಯದಲ್ಲ. ಅದೇ ದೊರೆಯ ತಲೆ, ಅದೇ ಕುದುರೆ, ಅದೇ ವರ್ಷಗಳು, ಲೋಹ ಮಾತ್ರ ತಾಮ್ರದಂತೆ ಕೆಂಪು. ನನ್ನ ಮುತ್ತಜ್ಜ ಇರಾಕಿನ ಬಸರಾಕ್ಕೆ ಕೂಲಿಯಾಗಿ ಹೋಗಿ ಬಂದಿದ್ದರಂತೆ. ನಮ್ಮ ಓಣಿಯ ಇನ್ನೊಂದು ಮನೆಯಲ್ಲಿ ಬೆಳ್ಳಿಯದಿತ್ತು. ಅದಕ್ಕೇ ನಮ್ಮದನ್ನು ಎಲ್ಲರೂ ‘ಸುಳ್ಳು ಬಿಲ್ಲೆ’ ಎನ್ನುತ್ತಿದ್ದರು. ಅಜ್ಜಿ ಪ್ರತಿ ದೀಪಾವಳಿಗೆ ಹಿತ್ತಾಳೆ ಪಾತ್ರೆಗಳ ಜೊತೆ ಹುಣಸೆಹಣ್ಣಿನಿಂದ ಅದನ್ನೂ ತಿಕ್ಕುತ್ತಿದ್ದಳು. ಈಗ ತಗಡಿನ ಸಕ್ಕರೆ ಡಬ್ಬಿಯಲ್ಲಿದೆ. ಪೆಟ್ಟಿಗೆ ಇಲ್ಲ, ಕಾಗದ ಇಲ್ಲ, ರಿಬ್ಬನ್ ಕೂಡ ಇಲ್ಲ. ಇದು ಯಾರೋ ಮಾಡಿಸಿದ ನಕಲೇ?

ಹಳೆಯ ನಾಣ್ಯ, ಸಿಂಧನೂರು

ಅಮ್ಮಾ, ಅದು ನಕಲಿಯಾಗುವ ಸಂಭವ ಬಹಳ ಕಡಿಮೆ. ಬ್ರಿಟಿಷ್ ವಾರ್ ಮೆಡಲನ್ನು ಕಂಚಿನಲ್ಲೂ ಹೊಯ್ದರು. ಬಂದೂಕು ಹಿಡಿದವರಿಗೆ ಬೆಳ್ಳಿ. ರಸ್ತೆ ಕಡಿದ, ಹಡಗಿನಿಂದ ಮೂಟೆ ಇಳಿಸಿದ ಕಾರ್ಮಿಕ ದಳದವರಿಗೆ ಕಂಚು. ಚೀನಾ, ಮಾಲ್ಟಾ ಮತ್ತು ಭಾರತದ ಕಾರ್ಮಿಕರಿಗೆ ಸಿಕ್ಕದ್ದು ಅದು. ಬೆಳ್ಳಿಯದಕ್ಕಿಂತ ಎಷ್ಟೋ ಪಾಲು ವಿರಳ. ಅಂಚು ಓದಿ ನೋಡಿ. ಇನ್ನು ಮುಂದೆ ಹುಣಸೆಹಣ್ಣು ಮುಟ್ಟಿಸಬೇಡಿ, ಏನೂ ಹಚ್ಚಬೇಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮಗ್ಗುಲಿನಿಂದ, ಅಂಚಿಗೆ ಸಮನಾಗಿ ಹಿಡಿಯಿರಿ. ಸವೆದ ಅಕ್ಷರದ ನೆರಳು ಬೀಳುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ಓಣಿಯ ಆ ಬೆಳ್ಳಿಯ ಪದಕ ಈಗ ಇದೆಯೇ?

ಕುಕನೂರಿನ ಮಗಳು

ಇಲ್ಲ ಸರ್. ನಾನು ಚಿಕ್ಕವಳಿದ್ದಾಗ ಬೆಳ್ಳಿಯ ಬೆಲೆ ಒಮ್ಮೆಲೇ ಏರಿತ್ತಲ್ಲ, 1980ರ ಸುಮಾರಿಗೆ, ಆಗ ಪತ್ತಾರರ ಮೂಸೆಗೆ ಹೋಯಿತು. ನಮ್ಮದನ್ನೂ ಅಪ್ಪ ಒಯ್ದಿದ್ದರು. ತಾಮ್ರ ಯಾರಿಗೆ ಬೇಕು ಎಂದು ಮರಳಿ ಕಳಿಸಿದ್ದರಂತೆ.

ನಿವೃತ್ತ ಮೇಷ್ಟ್ರು, ಸಿರುಗುಪ್ಪ

ಆ ವರ್ಷ ಇಂಗ್ಲೆಂಡಿನಲ್ಲೂ ಇಂಥ ಬೆಳ್ಳಿಯ ಪದಕಗಳು ರಾಶಿ ರಾಶಿಯಾಗಿ ಕರಗಿದವು. ನಿಮ್ಮದು ಉಳಿದದ್ದನ್ನು ಓದಿ ಎದೆ ತುಂಬಿ ಬಂತು ತಾಯಿ.

ಓದುಮನೆ, ಲಿಂಗಸುಗೂರು ತಾಲ್ಲೂಕು

ಅಕ್ಕಾ, ದಯವಿಟ್ಟು ಅದಕ್ಕಾಗಿ ಚಂದದ ಪೆಟ್ಟಿಗೆ ಕೊಳ್ಳಬೇಡಿ. ಸಕ್ಕರೆ ಡಬ್ಬಿಯಲ್ಲೇ ಇರಲಿ. ಒಳಗೆ ಒಗೆದ ಹತ್ತಿಯ ಬಟ್ಟೆ ಹಾಸಿ ಸಾಕು, ತೇವ ತಾಗದಂತೆ ನೋಡಿಕೊಳ್ಳಿ. ನಿಮ್ಮ ಅಜ್ಜಿ ಏನು ಹೇಳುತ್ತಿದ್ದರೋ ಅದನ್ನೂ ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಡಬ್ಬಿಯಲ್ಲಿಡಿ. ನಾವು ಕೊಂಡ ಪದಕಕ್ಕೆ ಆ ಹಾಳೆ ಇಲ್ಲ ಎಂಬುದೇ ಈಗ ನಮ್ಮ ಸಂಕಟ.

ಕುಕನೂರಿನ ಮಗಳು

ನಿನ್ನೆ ರಾತ್ರಿ ಟಾರ್ಚ್ ಹಿಡಿದು ಓದಿದೆವು. ಮೊದಲ ಎರಡು ಅಂಕಿ ಸವೆದಿವೆ, ಉಳಿದ ಮೂರು ಕಾಣುತ್ತವೆ. ಕೊನೆಯಲ್ಲಿ ಲೇಬರ್ ಕೋರ್ ಎಂಬುದರ ಮೊಟಕು ಅಕ್ಷರಗಳಿವೆ. ನಡುವೆ ಮುತ್ತಜ್ಜನ ಹೆಸರು. ಬರೆದುಕೊಂಡ ಇಂಗ್ಲಿಷಿನವನು ಒಂದು ಅಕ್ಷರ ತಪ್ಪು ಹಾಕಿದ್ದಾನೆ, ಆದರೂ ನಮ್ಮ ಮನೆಯ ಹೆಸರೇ. ಅಣ್ಣನ ಮಗನಿಗೂ ಅದೇ ಹೆಸರು ಇಟ್ಟಿದ್ದೇವೆ. ಅವ್ವ ಅದನ್ನು ಎರಡು ಸಲ ಓದಿಸಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಎಷ್ಟೋ ವರ್ಷದಿಂದ ಕಾಣದಿದ್ದ ಆ ಡಬ್ಬಿಯ ಮುಚ್ಚಳ ಹುಡುಕತೊಡಗಿದಳು.